ಇರೋದನ್ನೇ ಒತ್ತಲಾಗದ ಮಗಳಿಗೆ ಫುಲ್ ಸೈಜ್ ಗಿಟಾರ್ ಕೊಡಿಸಬಹುದಾ?

ಪ್ರಶ್ನೆ: ನಮಸ್ಕಾರ ಸರ್. ನಾವು ವಿಜಯನಗರದಲ್ಲಿದ್ದೇವೆ. ಮಗಳಿಗೆ 14 ವರ್ಷ, ಒಂಬತ್ತನೇ ಕ್ಲಾಸು, ಎತ್ತರ 5 ಅಡಿ 1 ಇಂಚು. ಯುಗಾದಿಗೆ ಅವಳ ಸೋದರಮಾವ ಆನ್‌ಲೈನ್‌ನಲ್ಲಿ 2,400 ರೂಪಾಯಿಯ 38 ಇಂಚಿನ ಗಿಟಾರ್ ತರಿಸಿಕೊಟ್ಟರು. ಆರು ತಿಂಗಳಿಂದ ಮನೆ ಹತ್ತಿರ ಕ್ಲಾಸಿಗೆ ಹೋಗುತ್ತಿದ್ದಾಳೆ. ಮೊದಮೊದಲು ದಿನಾ ಒಂದು ಗಂಟೆ ನುಡಿಸುತ್ತಿದ್ದವಳು ಈಗ ಬೆರಳು ನೋವು ಅಂತ ಮುಟ್ಟುವುದೇ ಕಮ್ಮಿ. ಎಫ್ ಕಾರ್ಡ್ ಅಂತ ಹಲವು ತಂತಿ ಒಟ್ಟಿಗೆ ಒತ್ತುವ ಒಂದು ಸ್ವರಗುಚ್ಛ ಇದೆಯಂತೆ, ಅದು ಬರುವುದೇ ಇಲ್ಲ ಅಂತ ಅಳುತ್ತಾಳೆ. ಅವಳ ಮೇಷ್ಟ್ರು ‘ಫುಲ್ ಸೈಜ್ ತಗೊಳ್ಳಿ’ ಅನ್ನುತ್ತಾರೆ. ಇರೋದನ್ನೇ ಒತ್ತಲಾಗದವಳಿಗೆ ಇನ್ನೂ ದೊಡ್ಡದು ಕೊಟ್ಟರೆ ಹೇಗೆ ಅಂತ ನನಗೆ ಭಯ. ಪಕ್ಕದ ಮನೆಯವರು ನೈಲಾನ್ ತಂತಿ ಹಾಕಿಸಿ ಅಂತಾರೆ. ಅಂಗಡಿಯವರು ‘ಸಾಲಿಡ್ ವುಡ್, ಪಿಕಪ್ ಇರೋದು’ ಅಂತ 18,000ದ್ದು ತೋರಿಸಿದರು. ನಮ್ಮ ಯಜಮಾನರು ‘ಇನ್ನಾರು ತಿಂಗಳಿಗೆ ಇದೂ ಅಟ್ಟ ಸೇರುತ್ತೆ’ ಅಂತಾರೆ. 10,000 ರೂಪಾಯಿವರೆಗೆ ಖರ್ಚು ಮಾಡಬಲ್ಲೆವು. ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ? ಮನೇಲಿರೋ ಗಿಟಾರ್ ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಬೆಲೆಯ ಮೇಲಲ್ಲ. ‘ದಿನಾ ಒಂದು ಗಂಟೆ ನುಡಿಸುತ್ತಿದ್ದವಳು’ ಅಂದಿರಲ್ಲ, ಅದರ ಮೇಲೆ. ಆಸಕ್ತಿ ಇಲ್ಲದ ಮಗು ಮೊದಲ ವಾರವೇ ಸಾಕು ಅನ್ನುತ್ತದೆ. ತಿಂಗಳುಗಟ್ಟಲೆ ನುಡಿಸಿದವಳು ನೋವು ಅಂತ ಬಿಡುತ್ತಿದ್ದರೆ ನನ್ನ ಅನುಮಾನ ಮೊದಲು ಹೋಗುವುದು ಗಿಟಾರಿನ ಮೇಲೆ. ನಾನು ಬಸವನಗುಡಿಯ ಒಂದು ಸಣ್ಣ ರೂಮಿನಲ್ಲಿ 20 ವರ್ಷಕ್ಕೂ ಜಾಸ್ತಿ ಗಿಟಾರ್ ರಿಪೇರಿ ಮಾಡಿಕೊಂಡು ಬಂದಿದ್ದೇನೆ. ಅದಕ್ಕೆ ಮುಂಚೆ ಪಾಠ ಹೇಳುತ್ತಿದ್ದೆ. ‘ಇವನಿಗೆ ಕೈ ಬರಲ್ಲ ಸರ್’ ಅಂತ ಅಪ್ಪ ಅಮ್ಮ ಕರೆದುಕೊಂಡು ಬಂದ ಮಕ್ಕಳಲ್ಲಿ ಬಹಳಷ್ಟು ಜನರ ಕೈ ಸರಿಯಾಗಿಯೇ ಇತ್ತು. ತಂತಿ ಎತ್ತರದಲ್ಲಿತ್ತು, ಅಷ್ಟೇ.

ನನಗೂ ಇದೇ ಆಗಿತ್ತು. ಪಿಯುಸಿಯಲ್ಲಿದ್ದಾಗ ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡಲ್ಲಿ ಪೇಟೆಯ ಒಂದು ಅಂಗಡಿಯಿಂದ ಗಿಟಾರ್ ತಂದೆ. ಗಿಟಾರಿನ ಕತ್ತು, ಅಂದರೆ ನೆಕ್ಕಿನ ಮೇಲೆ ಅಡ್ಡಡ್ಡ ಕೂರಿಸಿದ ಲೋಹದ ಪಟ್ಟಿಗಳಿಗೆ ಫ್ರೆಟ್ ಅಂತೀವಿ. ಹನ್ನೆರಡನೇ ಫ್ರೆಟ್ಟಿನ ಹತ್ತಿರ ತಂತಿಗೂ ಮರಕ್ಕೂ ನಡುವೆ ಪೆನ್ಸಿಲ್ ತೂರುತ್ತಿತ್ತು. ಅದು ತಪ್ಪು ಅಂತಲೇ ಗೊತ್ತಿರಲಿಲ್ಲ. ಬೆರಳಲ್ಲಿ ಗೆರೆ ಬಿದ್ದು, ಗೆರೆ ಸೀಳಿ, ರಕ್ತ ಬಂತು. ನನಗೇ ಶಕ್ತಿ ಇಲ್ಲ ಅಂದುಕೊಂಡು ಒಂದು ವರ್ಷ ಅಟ್ಟದ ಮೇಲಿಟ್ಟೆ. ಆಮೇಲೆ ವೀಣೆ ರಿಪೇರಿ ಮಾಡುವ ಒಬ್ಬ ಹಿರಿಯರು ಅದನ್ನು ನೋಡಿ, ತಂತಿಯ ಬುಡ ಕೂರುವ ಸ್ಯಾಡಲ್ ಅನ್ನೋ ಬಿಳೀ ಪಟ್ಟಿ ಕಿತ್ತು, ನೆಲದ ಮೇಲೆ ಸ್ಯಾಂಡ್‌ಪೇಪರ್ ಹಾಸಿ ಹತ್ತು ನಿಮಿಷ ಉಜ್ಜಿದರು. ಅದೇ ಗಿಟಾರ್, ಅದೇ ಕೈ. ಅವತ್ತು ಸಂಜೆ ಎಫ್ ಕಾರ್ಡ್ ಬಂತು. ಅರ್ಧಂಬರ್ಧ ಬಂತು, ಆದರೆ ಬಂತು.

ಈಗ ನಿಮ್ಮ ದೊಡ್ಡ ಭಯಕ್ಕೆ ಬರೋಣ. ಫುಲ್ ಸೈಜ್ ಅಂದರೆ ಒತ್ತಲು ಕಷ್ಟ ಅನ್ನೋದು ನಿಜ ಅಲ್ಲ. ಈ ಗೊಂದಲಕ್ಕೆ ಕಾರಣ ನಮ್ಮ ಅಂಗಡಿಗಳ ಇಂಚಿನ ಲೆಕ್ಕ. 38, 39, 41 ಅಂತ ಹೇಳುವುದು ಗಿಟಾರಿನ ತಲೆಯಿಂದ ಬುಡದವರೆಗಿನ ಒಟ್ಟು ಉದ್ದ. ಬೆರಳಿಗೆ ಅದರಿಂದ ಏನೂ ಆಗಬೇಕಿಲ್ಲ. ಬೆರಳಿಗೆ ಲೆಕ್ಕಕ್ಕೆ ಬರುವುದು ಸ್ಕೇಲ್. ಅಂದರೆ ಮೇಲೆ, ನೆಕ್ಕಿನ ತುದಿಯಲ್ಲಿ ತಂತಿ ಕೂರುವ ನಟ್ ಅನ್ನೋ ಪಟ್ಟಿಯಿಂದ ಕೆಳಗಿನ ಸ್ಯಾಡಲ್‌ವರೆಗೆ ಮೀಟಿದಾಗ ಕಂಪಿಸುವ ತಂತಿಯ ಉದ್ದ. ಒಂದು ಉದಾಹರಣೆ ಕೊಡುತ್ತೇನೆ. ಕ್ಲಾಸಿಗೆ ಹೋಗುವ ಮಕ್ಕಳ ಹೆಗಲ ಮೇಲೆ ಜಾಸ್ತಿ ಕಾಣುವ ಯಮಹಾ ಎಫ್310 ದೊಡ್ಡ ಹೊಟ್ಟೆಯ ಗಿಟಾರ್. ಅದರ ಸ್ಕೇಲ್ 634 ಮಿ.ಮೀ. ಅದೇ ಕಂಪನಿಯ ನೈಲಾನ್ ತಂತಿಯ ಸಿ40 ನೋಡಲು ಚಿಕ್ಕದು, ಸಾಧು. ಅದರ ಸ್ಕೇಲ್ 650. ಚಿಕ್ಕದಾಗಿ ಕಾಣುವುದರಲ್ಲೇ ತಂತಿ ಉದ್ದ!

ನಿಮ್ಮ ಮನೆಯ 38 ಇಂಚಿನದರ ಸ್ಕೇಲ್ ಸಾಮಾನ್ಯವಾಗಿ 24 ಇಂಚಿನ ಆಸುಪಾಸು ಇರುತ್ತದೆ, ಹತ್ತಿರಹತ್ತಿರ 610 ಮಿ.ಮೀ. 634ಕ್ಕೆ ಹೋದರೆ ಮೊದಲ ಫ್ರೆಟ್ಟಿನ ಮನೆ ಎಷ್ಟು ಜಾಸ್ತಿ ಅಗಲ ಆಗುತ್ತದೆ ಗೊತ್ತಾ? ಒಂದೂವರೆ ಮಿ.ಮೀ.ಗೂ ಕಮ್ಮಿ. ಒಂದರಿಂದ ನಾಲ್ಕನೇ ಫ್ರೆಟ್‌ವರೆಗೆ ಬೆರಳು ಚಾಚಿದರೂ ಒಟ್ಟು ಐದು ಮಿ.ಮೀ. ಒಳಗೇ ಜಾಸ್ತಿ ಚಾಚಬೇಕು. 5 ಅಡಿ 1 ಇಂಚಿನ ಹುಡುಗಿಗೆ ಇದು ಯಾವ ಲೆಕ್ಕ? ಹನ್ನೊಂದು ಹನ್ನೆರಡು ವರ್ಷ ದಾಟಿದ ಮಕ್ಕಳಿಗೆ ಸಾಮಾನ್ಯವಾಗಿ ಫುಲ್ ಸ್ಕೇಲ್ ಸಲೀಸು. ಮೇಷ್ಟ್ರು ಹೇಳಿದ್ದು ಸರಿಯಾಗಿದೆ.

ಗಾತ್ರದಲ್ಲಿ ತೊಂದರೆ ಬಂದರೆ ಅದು ಬೆರಳಿಗಲ್ಲ, ಭುಜಕ್ಕೆ. ಡ್ರೆಡ್‌ನಾಟ್ ಅನ್ನುವ ಚೌಕಟ್ಟಾದ ದೊಡ್ಡ ಬಾಡಿ ಇದೆಯಲ್ಲ, ಅದು ಅಮೆರಿಕದ ಮಾರ್ಟಿನ್ ಕಂಪನಿ 1916ರಲ್ಲಿ ಶುರು ಮಾಡಿದ ವಿನ್ಯಾಸ. ಹೆಸರು ಬ್ರಿಟನ್ನಿನ ಒಂದು ಯುದ್ಧನೌಕೆಯದ್ದು. ಗಾತ್ರ ನೋಡಿದರೆ ಹೆಸರು ಯಾಕೆ ಅಂತ ಕೇಳಬೇಕಾಗಿಲ್ಲ. ಕೆಳಹೊಟ್ಟೆಯ ಅಗಲ ಸುಮಾರು 40 ಸೆಂ.ಮೀ., ಆಳ 12 ಸೆಂ.ಮೀ. ಸಣ್ಣ ಮೈಕಟ್ಟಿನ ಮಕ್ಕಳು ಇದನ್ನು ತಬ್ಬಿ ಕೂತರೆ ಬಲಭುಜ ಕಿವಿ ಹತ್ತಿರಕ್ಕೆ ಏರುತ್ತದೆ. ಅರ್ಧ ಗಂಟೆಗೆ ಕತ್ತು ಹಿಡಿಯುತ್ತದೆ. ಅಂಥವರಿಗೆ ಕಾನ್ಸರ್ಟ್ ಅಥವಾ ಫೋಕ್ ಸೈಜಿನ ಬಾಡಿ ವಾಸಿ. ಸೊಂಟ ಸಣ್ಣ, ಆಳ ಕಮ್ಮಿ, ಆದರೆ ಸ್ಕೇಲ್ ಫುಲ್ ಸೈಜಿನದೇ. ಯಮಹಾದಲ್ಲಿ ಎಫ್‌ಎಸ್ ಅಂತ ಶುರುವಾಗುವ ಮಾಡೆಲ್‌ಗಳು ಈ ಜಾತಿ. ನಮ್ಮಲ್ಲಿ ಸುಲಭವಾಗಿ ಸಿಗುವುದು ಎಫ್‌ಎಸ್80ಸಿ. ಅಂಗಡಿಯಲ್ಲಿ ಮಗಳನ್ನು ಕೈ ಇಲ್ಲದ ಸ್ಟೂಲಿನ ಮೇಲೆ ಕೂರಿಸಿ, ಎರಡು ಥರದ್ದನ್ನೂ ಐದೈದು ನಿಮಿಷ ಹಿಡಿಯಲು ಹೇಳಿ. ನೀವು ಹಿಂದೆ ನಿಂತು ಬರೀ ಭುಜ ನೋಡಿ. ಎರಡೂ ಭುಜ ಒಂದೇ ಮಟ್ಟದಲ್ಲಿ ಇದ್ದರೆ ಸೈಜ್ ಸರಿ.

ಹಾಗಾದರೆ ನೋವು ಎಲ್ಲಿಂದ ಬಂತು? ತಂತಿಯ ಎತ್ತರದಿಂದ. ನಾವು ಇದಕ್ಕೆ ಆಕ್ಷನ್ ಅಂತೀವಿ. ಹನ್ನೆರಡನೇ ಫ್ರೆಟ್ಟಿನ ಮೇಲೆ ದಪ್ಪ ತಂತಿ ಸುಮಾರು 2.4 ಮಿ.ಮೀ. ಎತ್ತರದಲ್ಲಿ, ತೆಳು ತಂತಿ 1.6ರಿಂದ 2 ಮಿ.ಮೀ. ಎತ್ತರದಲ್ಲಿ ಇದ್ದರೆ ಕಲಿಯುವವರಿಗೆ ಹಿತ. ನನ್ನ ಮೇಜಿಗೆ ಬರುವ ಅಗ್ಗದ ಗಿಟಾರ್‌ಗಳಲ್ಲಿ ಇದು 4, ಕೆಲವು ಸಲ 5 ಮಿ.ಮೀ. ಇರುತ್ತದೆ. ಉಕ್ಕಿನ ತಂತಿಯ ಗಿಟಾರಿನಲ್ಲಿ ಆರೂ ತಂತಿ ಸೇರಿ ಸುಮಾರು 70 ಕೆ.ಜಿ. ಬಲದಿಂದ ನೆಕ್ಕನ್ನು ಎಳೆಯುತ್ತಿರುತ್ತವೆ. ಒಬ್ಬ ದೊಡ್ಡ ಮನುಷ್ಯ ಹಗಲೂ ರಾತ್ರಿ ಜೋತು ಬಿದ್ದ ಹಾಗೆ. ಒಳಗೆ ಟ್ರಸ್ ರಾಡ್ ಅನ್ನುವ ಉಕ್ಕಿನ ಸರಳು ಇಲ್ಲದಿದ್ದರೆ, ಇದ್ದೂ ತಿರುಗದಿದ್ದರೆ, ನೆಕ್ ನಿಧಾನವಾಗಿ ಬಿಲ್ಲಿನಂತೆ ಬಾಗುತ್ತದೆ. ತಂತಿ ಮೇಲೇಳುತ್ತದೆ. ಮಗು ಯುಗಾದಿಯಲ್ಲಿ ನುಡಿಸಿದ ಗಿಟಾರೂ ದಸರೆಯಲ್ಲಿ ನುಡಿಸುವ ಗಿಟಾರೂ ಒಂದೇ ಅಲ್ಲ. ಅವಳು ಬೇಸತ್ತಿದ್ದು ಯಾಕೆ ಅಂತ ಈಗ ಅಂದಾಜಾಯಿತಲ್ವಾ?

ಎಫ್ ಕಾರ್ಡಿನ ಕಥೆ ಇನ್ನೂ ಬೇರೆ. ಅದು ಮೊದಲ ಫ್ರೆಟ್ಟಿನಲ್ಲಿ ಒಂದೇ ಬೆರಳಿಂದ ಆರೂ ತಂತಿ ಒತ್ತುವ ಕೆಲಸ. ನಟ್ಟಿನಲ್ಲಿ ತಂತಿ ಕೂರುವ ಕಚ್ಚು ಆಳ ಸಾಲದಿದ್ದರೆ ಎಂಥ ಪೈಲ್ವಾನನಿಗೂ ಎಫ್ ಬರುವುದಿಲ್ಲ. ಪರೀಕ್ಷೆ ಸುಲಭ. ಮೇಷ್ಟ್ರ ಹತ್ತಿರ ಕ್ಯಾಪೋ, ಅಂದರೆ ಆರೂ ತಂತಿಯನ್ನು ಅಡ್ಡಲಾಗಿ ಒತ್ತಿ ಹಿಡಿಯುವ ಕ್ಲಿಪ್, ಇರುತ್ತದೆ. ಅದನ್ನು ಎರಡನೇ ಫ್ರೆಟ್ಟಿಗೆ ಹಾಕಿ, ಅದರ ಮುಂದೆ ಅದೇ ಆಕಾರ ಒತ್ತಲಿ. ಅಲ್ಲಿ ಸಲೀಸಾಗಿ ಬಂದು ಮೊದಲ ಫ್ರೆಟ್ಟಿನಲ್ಲಿ ಬರದಿದ್ದರೆ ತಪ್ಪು ನಟ್ಟಿನದ್ದು.

ಬೆರಳ ತುದಿ ಮೂರ್ನಾಲ್ಕು ವಾರ ಉರಿಯುವುದು, ಚರ್ಮ ಗಟ್ಟಿಯಾಗುವುದು ಎಲ್ಲರಿಗೂ ಇದ್ದದ್ದೇ. ಆರು ತಿಂಗಳಾದರೂ ತುದಿ ಸೀಳುತ್ತಿದ್ದರೆ ಅದು ಸಾಮಾನ್ಯ ಅಲ್ಲ. ಮಣಿಕಟ್ಟು ನೋಯುತ್ತಿದ್ದರಂತೂ ನುಡಿಸುವುದನ್ನು ನಿಲ್ಲಿಸಿ, ಮೇಷ್ಟ್ರಿಗೆ ಕೈ ಇಡುವ ರೀತಿ ನೋಡಲು ಹೇಳಿ.

ನೈಲಾನ್ ತಂತಿಯ ಸಲಹೆ ಒಳ್ಳೆ ಮನಸ್ಸಿನದ್ದೇ, ಆದರೆ ಅರ್ಧ ಸರಿ. ನೈಲಾನ್ ಬೆರಳಿಗೆ ಮೆತ್ತಗೆ, ಹೌದು. ಆದರೆ ಅದಕ್ಕಾಗಿಯೇ ಮಾಡಿದ ಕ್ಲಾಸಿಕಲ್ ಗಿಟಾರ್ ಬೇರೆ ಪ್ರಾಣಿ. ಅದರ ನೆಕ್ ನಟ್ಟಿನ ಹತ್ತಿರ 52 ಮಿ.ಮೀ. ಅಗಲ, ಉಕ್ಕಿನ ತಂತಿಯದ್ದು ಸಾಮಾನ್ಯವಾಗಿ 43. ಉಕ್ಕಿನ ತಂತಿಗಾಗಿ ಮಾಡಿದ ಗಿಟಾರಿಗೆ ನೈಲಾನ್ ಹಾಕಿದರೆ ಮೇಲಿನ ಹಲಗೆಯನ್ನು ಅಲುಗಿಸುವಷ್ಟು ಬಲ ಅದಕ್ಕಿಲ್ಲ. ಸದ್ದು ಕುಂಬಳಕಾಯಿ ತಟ್ಟಿದ ಹಾಗೆ ಬರುತ್ತದೆ. ಅದರ ತಿರುಗುಮುರುಗು, ಅಂದರೆ ಕ್ಲಾಸಿಕಲ್ ಗಿಟಾರಿಗೆ ಉಕ್ಕಿನ ತಂತಿ, ಮಾತ್ರ ಯಾವತ್ತೂ ಮಾಡಿಸಬೇಡಿ. 40 ಕೆ.ಜಿ. ಎಳೆತಕ್ಕೆ ಕಟ್ಟಿದ್ದರ ಮೇಲೆ 70 ಕೆ.ಜಿ. ಹಾಕಿದರೆ ಬ್ರಿಡ್ಜ್, ಅಂದರೆ ಸ್ಯಾಡಲ್ ಕೂರಿಸಿರುವ ಮರದ ತುಂಡು, ಕಿತ್ತು ಬರುತ್ತದೆ. ವರ್ಷಕ್ಕೆ ಎರಡು ಮೂರಾದರೂ ಹಾಗೆ ಕಿತ್ತು ಬಂದದ್ದನ್ನು ಅಂಟಿಸುತ್ತೇನೆ. ಒಂದು ಮಾತು ಮಾತ್ರ ಮೇಷ್ಟ್ರನ್ನು ಕೇಳಿಕೊಳ್ಳಿ. ಮುಂದೆ ಟ್ರಿನಿಟಿ ಥರದ ಗ್ರೇಡ್ ಪರೀಕ್ಷೆಗೆ ಕೂರಿಸುವ ಯೋಚನೆ ಇದೆಯಾ, ಇದ್ದರೆ ಕ್ಲಾಸಿಕಲ್ ಗಿಟಾರಿನದ್ದಾ ಅಂತ. ಹೌದು ಅಂದರೆ ನೈಲಾನ್ ಗಿಟಾರೇ ಬೇಕು, ನನ್ನ ಮುಂದಿನ ಮಾತೆಲ್ಲ ಬದಲಾಗುತ್ತದೆ. ಸಿನಿಮಾ ಹಾಡು, ಭಾವಗೀತೆಗೆ ಕಾರ್ಡ್ ಹಿಡಿದು ಹಾಡಬೇಕು ಅಂತಿದ್ದರೆ ಉಕ್ಕಿನ ತಂತಿಯೇ ಸರಿ.

ಉಕ್ಕಿನಲ್ಲೇ ನೋವು ಕಮ್ಮಿ ಮಾಡಲು ದಾರಿ ಇದೆ. ಹತ್ತರ ಸೆಟ್ ಅಂತ ಕೇಳಿ. ಅತಿ ತೆಳು ತಂತಿ, ಒಂದು ಇಂಚಿನ ಸಾವಿರದಲ್ಲಿ ಹತ್ತು ಪಾಲು ದಪ್ಪ. ಹನ್ನೆರಡರ ಸೆಟ್ಟಿಗಿಂತ ಒಟ್ಟು ಎಳೆತ ಹತ್ತು ಕೆ.ಜಿ.ಗೂ ಜಾಸ್ತಿ ಇಳಿಯುತ್ತದೆ. ಸದ್ದು ಸ್ವಲ್ಪ ತೆಳುವಾಗುತ್ತದೆ, ಆಗಲಿ. ಮೊದಲ ವರ್ಷ ಮುಖ್ಯ ಆಗುವುದು ಅವಳು ಗಿಟಾರ್ ಕೈಗೆತ್ತಿಕೊಳ್ಳುವುದು.

ಅಂಗಡಿಯವರ ಸಾಲಿಡ್ ವುಡ್ ಮಾತು ಸುಳ್ಳಲ್ಲ. ಮೇಲಿನ ಹಲಗೆ ಒಂದೇ ಮರದ್ದಾಗಿದ್ದರೆ ನಾದ ತುಂಬಿಕೊಂಡು ಬರುತ್ತದೆ, ವರ್ಷ ಕಳೆದಂತೆ ಇನ್ನೂ ಬಿಚ್ಚಿಕೊಳ್ಳುತ್ತದೆ. ಆದರೆ ನಿಮ್ಮ ಬಜೆಟ್ಟಿನಲ್ಲಿ ಸಿಗುವುದು ಬಹುತೇಕ ಪದರ ಪದರ ಅಂಟಿಸಿದ ಹಲಗೆ, ಅಂದರೆ ಲ್ಯಾಮಿನೇಟ್. ಪ್ಲೈವುಡ್ ಅಂದ ಕೂಡಲೇ ಮೂಗು ಮುರಿಯಬೇಡಿ. ಬೆಂಗಳೂರಿನ ಹವೆ ನೆನಪಿಸಿಕೊಳ್ಳಿ. ಮಾರ್ಚ್ ತಿಂಗಳ ಮಧ್ಯಾಹ್ನ ಗಾಳಿಯ ತೇವ ಶೇ. 30ರ ಸುತ್ತ ಇಳಿಯುತ್ತದೆ. ಜುಲೈ ಆಗಸ್ಟ್‌ನಲ್ಲಿ ಬೆಳಗ್ಗೆ ಶೇ. 80 ದಾಟುತ್ತದೆ. ಗಿಟಾರಿಗೆ ಇಷ್ಟವಾಗುವುದು 45ರಿಂದ 55. ಬೇಸಿಗೆಯಲ್ಲಿ ಸಾಲಿಡ್ ಹಲಗೆ ಕುಗ್ಗಿ ಸೀಳುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಲ್ಯಾಮಿನೇಟ್ ಇದನ್ನು ತಡೆದುಕೊಳ್ಳುತ್ತದೆ. ಮಂಚದ ಮೇಲೆ ಬಿಸಾಕಿ ಟೆಸ್ಟ್‌ಗೆ ಓಡುವ ಒಂಬತ್ತನೇ ಕ್ಲಾಸಿನ ಹುಡುಗಿಗೆ ಲ್ಯಾಮಿನೇಟೇ ಸರಿ. 15,000 ದಾಟಿದ ಸಾಲಿಡ್ ಟಾಪ್ ಎರಡನೇ ಗಿಟಾರ್ ಆಗಿ ಬರಲಿ.

ಪಿಕಪ್ ಅಂದರೆ ಗಿಟಾರನ್ನು ಸ್ಪೀಕರಿಗೆ ಜೋಡಿಸುವ ಸಾಧನ. ಅದು ಬೇಡ. ಒಂದೆರಡು ಸಾವಿರ ಅದಕ್ಕೇ ಹೋಗುತ್ತದೆ. ಸ್ಕೂಲ್ ಡೇಗೆ ಮುಂದೊಂದು ಮೈಕ್ ಇಟ್ಟರೆ ಸಾಕು. ಕಟ್‌ಅವೇ ಅಂತ ಬಾಡಿಯ ಒಂದು ಮೂಲೆ ಕೊರೆದಿರುವುದು ಚೆಂದಕ್ಕೆ, ಅದರ ಉಪಯೋಗ ಹದಿನಾಲ್ಕನೇ ಫ್ರೆಟ್ ದಾಟಿದ ಮೇಲೆ. ಇದ್ದರೆ ಇರಲಿ, ಅದಕ್ಕೆ ಅಂತ ಜಾಸ್ತಿ ಕೊಡಬೇಡಿ.

ಇನ್ನು ದುಡ್ಡಿನ ಲೆಕ್ಕ. ನಿಮ್ಮ 10,000ವನ್ನು ಪೂರ್ತಿ ಗಿಟಾರಿಗೇ ಸುರಿಯಬೇಡಿ. 8,000ದಿಂದ 8,500ರ ಒಳಗೆ ಗಿಟಾರ್ ಮುಗಿಸಿ. ಉಳಿದದ್ದರಲ್ಲಿ ಸೆಟಪ್ಪು, ಒಂದು ಹತ್ತರ ಸೆಟ್ಟು, ಒಳಗೆ ದಪ್ಪ ಸ್ಪಂಜಿರುವ ಬ್ಯಾಗು. ಸೆಟಪ್ ಅಂದರೆ ನಟ್ಟು, ಸ್ಯಾಡಲ್ಲು, ನೆಕ್ಕು ಮೂರನ್ನೂ ಅವಳ ಕೈಗೆ ತಕ್ಕಂತೆ ಹೊಂದಿಸುವುದು. ಒಂದೆರಡು ಗಂಟೆ ಕೆಲಸ. ಸಾವಿರದ ಆಸುಪಾಸು ಆಗುತ್ತದೆ. ಹೊಸ ಗಿಟಾರಿಗೂ ಇದು ಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಹೊಲಿದು ತಂದ ಬ್ಲೌಸಿಗೆ ಒಂದು ಹೊಲಿಗೆ ಬಿಚ್ಚಿಸಿ ಸರಿ ಮಾಡಿಸುವುದಿಲ್ವಾ, ಹಾಗೆ. ಕಾರ್ಖಾನೆಯವರು ತಂತಿಯನ್ನು ಸ್ವಲ್ಪ ಎತ್ತರದಲ್ಲೇ ಬಿಟ್ಟಿರುತ್ತಾರೆ. ಇಳಿಸುವುದು ಸುಲಭ, ಏರಿಸುವುದು ಕಷ್ಟ, ಅದಕ್ಕೆ.

ಈ ಬೆಲೆಯಲ್ಲಿ ಏನೇನಿದೆ? ಯಮಹಾ ಎಫ್280, ಎಫ್‌ಎಸ್80ಸಿ ನಿಮ್ಮ ಬಜೆಟ್ಟಿನ ಸುತ್ತಲೇ ಓಡಾಡುತ್ತವೆ. ಎಫ್310 ಒಂದು ಮೆಟ್ಟಿಲು ಮೇಲೆ. ಕಾರ್ಟ್ ಎಡಿ810 ಡ್ರೆಡ್‌ನಾಟ್ ಬಾಡಿಯದ್ದು, ಅದನ್ನೂ ಹಿಡಿದು ನೋಡಿ. ಹಬ್ಬದ ಹೊತ್ತಿಗೆ ಬೆಲೆ ಮೇಲೆ ಕೆಳಗೆ ಆಗುತ್ತದೆ, ಎರಡು ಮೂರು ಕಡೆ ಕೇಳಿ. ಕೋಲ್ಕತ್ತಾದ ಗಿವ್ಸನ್ ಕಂಪನಿಯ ಗಿಟಾರಿನಲ್ಲಿ ನಮ್ಮ ತಲೆಮಾರಿನ ಎಷ್ಟೋ ಜನ ಕಲಿತಿದ್ದೇವೆ. 3,000ದಿಂದ 5,000ದ ವರ್ಗದಲ್ಲಿ, ಯಾವ ಹೆಸರೇ ಇರಲಿ, ಒಂದು ಮಾತು ನೆನಪಿಡಿ. ಅಲ್ಲಿ ನೀವು ಮಾಡೆಲ್ ಕೊಳ್ಳುತ್ತಿಲ್ಲ, ನಿಮ್ಮ ಎದುರಿಗಿರುವ ಆ ಒಂದು ಪೀಸ್ ಕೊಳ್ಳುತ್ತಿದ್ದೀರಿ. ಒಂದೇ ಸಾಲಿನಲ್ಲಿ ನೇತು ಹಾಕಿದ ಐದರಲ್ಲಿ ಒಂದು ಮುತ್ತಿನಂಥದ್ದಿರುತ್ತದೆ, ಇನ್ನೊಂದನ್ನು ಯಾರೂ ಸರಿ ಮಾಡಲಾರರು. ಗೊತ್ತಿದ್ದವರು ಜೊತೆಗಿದ್ದರೆ ಮಾತ್ರ ಈ ಕಡೆ ಹೋಗಿ. ಹಾಗಾಗಿಯೇ ಆನ್‌ಲೈನ್ ತರಿಸುವುದು ನನಗೆ ಅಷ್ಟು ಒಪ್ಪಿಗೆ ಇಲ್ಲ. ಜೊತೆಗೆ ಬರುವ ಕಾಂಬೋ, ಅದೇ ಬೆಲ್ಟು, ಪಿಕ್ಕು, ಕಾರ್ಡಿನ ಪೋಸ್ಟರು, ಧೂಳು ತಡೆಯುವ ತೆಳು ಚೀಲ, ಇದೆಲ್ಲ ಸೇರಿ ಗಿಟಾರಿನ ದುಡ್ಡಿನಿಂದಲೇ ಬಂದದ್ದು.

ಅಂಗಡಿಗೆ ವಾರದ ಮಧ್ಯೆ, ಬೆಳಗ್ಗೆ ಹೋಗಿ. ಬಳೇಪೇಟೆ ವೀಣೆ, ಮೃದಂಗಕ್ಕೆ ಹೆಸರಾದದ್ದು. ಗಿಟಾರ್ ಹತ್ತಾರು ಇಟ್ಟು ನುಡಿಸಲು ಬಿಡುವ ಅಂಗಡಿಗಳು ಬ್ರಿಗೇಡ್ ರೋಡ್ ಸುತ್ತಮುತ್ತ ಇವೆ, ಜಯನಗರ, ಮಲ್ಲೇಶ್ವರದಲ್ಲೂ ಇವೆ. ‘ಸೀಲ್ಡ್ ಪೀಸ್ ಕೊಡ್ತೀವಿ ಮೇಡಂ’ ಅಂತಾರೆ. ನಮ್ಮ ಜನಕ್ಕೆ ಸೀಲ್ ಒಡೆಯದ ಡಬ್ಬ ಅಂದರೆ ಏನೋ ನಂಬಿಕೆ. ಗಿಟಾರಿನಲ್ಲಿ ಅದು ಉಲ್ಟಾ. ಡಬ್ಬ ಅಲ್ಲೇ ಒಡೆಸಿ. ನುಡಿಸಿ ನೋಡಿದ್ದನ್ನೇ ಮನೆಗೆ ತನ್ನಿ.

ಏನು ನೋಡಬೇಕು? ಪರ್ಸಿನಲ್ಲಿರುವ ಎಟಿಎಂ ಕಾರ್ಡ್ ತೆಗೆಯಿರಿ. ಎಲ್ಲ ಬ್ಯಾಂಕಿನ ಕಾರ್ಡೂ ಒಂದೇ ದಪ್ಪ, 0.76 ಮಿ.ಮೀ. ಅಂಕಿ ಉಬ್ಬಿರದ ಸಪಾಟಾದ ಕಾರ್ಡ್ ಬೇಕು. ನಿಮ್ಮದೆರಡು, ಯಜಮಾನರದ್ದು ಮೂರು, ಐದು ಕಾರ್ಡ್ ಒಟ್ಟು ಮಾಡಿಕೊಳ್ಳಿ. ಗಿಟಾರನ್ನು ಮೊದಲು ಫೋನಿನ ಟ್ಯೂನರ್ ಇಟ್ಟು ಶ್ರುತಿ ಮಾಡಿಸಿ, ಶ್ರುತಿ ಇಲ್ಲದೆ ಅಳೆದರೆ ಲೆಕ್ಕ ತಪ್ಪುತ್ತದೆ. ಈಗ ಹನ್ನೆರಡನೇ ಫ್ರೆಟ್ಟಿನ ಮೇಲೆ ದಪ್ಪ ತಂತಿಯ ಕೆಳಗೆ ಮೂರು ಕಾರ್ಡ್ ಒಟ್ಟಿಗೆ ತೂರಿಸಿ. ತಂತಿಗೆ ಮುಟ್ಟಿಯೂ ಮುಟ್ಟದ ಹಾಗೆ ಕೂತರೆ ತುಂಬ ಒಳ್ಳೆಯದು. ನಾಲ್ಕು ಹಿಡಿದರೂ ಪರವಾಗಿಲ್ಲ, ಸೆಟಪ್ಪಿನಲ್ಲಿ ಇಳಿಸಬಹುದು. ಐದೂ ಸಲೀಸಾಗಿ ಹೋದರೆ ಆ ಗಿಟಾರ್ ಕೆಳಗಿಡಿ. ಅಂಗಡಿ ಹುಡುಗ ನಗಬಹುದು, ನಗಲಿ ಬಿಡಿ.

ಇಳಿಸಲು ಜಾಗ ಇದೆಯಾ ಅನ್ನುವುದನ್ನೂ ನೋಡಿ. ಸ್ಯಾಡಲ್ಲಿನ ಬಿಳೀ ಪಟ್ಟಿ ಬ್ರಿಡ್ಜಿನ ಮರದಿಂದ ಎಷ್ಟು ಮೇಲೆ ಕಾಣುತ್ತದೆ? ಹನ್ನೆರಡನೇ ಫ್ರೆಟ್ಟಿನಲ್ಲಿ ಒಂದು ಮಿ.ಮೀ. ಇಳಿಸಬೇಕಾದರೆ ಸ್ಯಾಡಲ್ಲಿನಲ್ಲಿ ಎರಡು ಮಿ.ಮೀ. ಉಜ್ಜಬೇಕು, ಹನ್ನೆರಡನೇ ಫ್ರೆಟ್ಟು ತಂತಿಯ ಸರಿಯಾಗಿ ಮಧ್ಯದಲ್ಲಿ ಇರುವುದರಿಂದ. ಪಟ್ಟಿ ಮೂರು ಮಿ.ಮೀ. ಕೂಡ ಮೇಲೆ ಇಲ್ಲ, ತಂತಿ ಮಾತ್ರ ಎತ್ತರ ಅಂದರೆ ನೆಕ್ ಕೂರಿಸಿದ ಕೋನವೇ ತಪ್ಪು. ಅದಕ್ಕೆ ಮದ್ದು ಗಿಟಾರಿನ ಬೆಲೆಗಿಂತ ಜಾಸ್ತಿ.

ಆಮೇಲೆ ಕಿವಿಯ ಪರೀಕ್ಷೆ. ಇದಕ್ಕೆ ಮೇಷ್ಟ್ರು ಅಥವಾ ಅಂಗಡಿ ಹುಡುಗನ ಸಹಾಯ ಬೇಕಾಗಬಹುದು. ಹನ್ನೆರಡನೇ ಫ್ರೆಟ್ಟಿನ ನೇರಕ್ಕೆ ತಂತಿಯನ್ನು ಬರೀ ಸೋಕಿಸಿ ಮೀಟಿದರೆ ಗಂಟೆಯಂತೆ ಒಂದು ಸ್ವರ ಬರುತ್ತದೆ. ಅಲ್ಲೇ ಒತ್ತಿ ಮೀಟಿದಾಗಲೂ ಅದೇ ಸ್ವರ ಬರಬೇಕು. ಫೋನಿನ ಮುಳ್ಳು ಎರಡೂ ಸಲ ಹೆಚ್ಚುಕಮ್ಮಿ ಅಲ್ಲೇ ನಿಲ್ಲಬೇಕು. ತುಂಬ ಆಚೀಚೆ ಆದರೆ ಆ ಗಿಟಾರ್ ಯಾವತ್ತೂ ಅಪಸ್ವರವೇ. ತಂತಿ ಇಳಿಸಿದರೆ ಸ್ವಲ್ಪ ಸರಿಹೋಗುತ್ತದೆ, ಪೂರ್ತಿ ಅಲ್ಲ. ವೀಣೆಯಾಗಿದ್ದರೆ ಮೇಣ ಕರಗಿಸಿ ಮತ್ತೆ ಮೇಳ ಕಟ್ಟಬಹುದು, ಮೆಟ್ಟಿಲು ಒಂದು ಕೂದಲೆಳೆ ಈಚೆಗೆ ಸರಿಸಬಹುದು. ಗಿಟಾರಿನ ಫ್ರೆಟ್ಟನ್ನು ಮರಕ್ಕೆ ಗರಗಸದಲ್ಲಿ ಗೀರಿ ಹೊಡೆದಿರುತ್ತಾರೆ. ಗೀರು ತಪ್ಪಿದರೆ ತಪ್ಪಿತು.

ಇನ್ನುಳಿದದ್ದು ಬೇಗ ಮುಗಿಯುತ್ತದೆ. ನೆಕ್ಕಿನ ಅಂಚಿನ ಮೇಲೆ ಅಂಗೈ ಸವರಿ. ಫ್ರೆಟ್ಟಿನ ತುದಿ ಗರಗಸದ ಹಲ್ಲಿನಂತೆ ಚುಚ್ಚಿದರೆ ಮರ ಒಣಗಿ ಕುಗ್ಗಿದೆ ಅಂತ. ಅರ ಹಾಕಿ ಸರಿ ಮಾಡಬಹುದು, ಬೆಲೆ ಇಳಿಸಿ ಅಂತ ಕೇಳಬಹುದು. ಬಿರಡೆ ಆರನ್ನೂ ತಿರುಗಿಸಿ ನೋಡಿ. ಬೆಣ್ಣೆಯ ಹಾಗೆ ತಿರುಗಬೇಕು, ಟಕ್ ಟಕ್ ಅಂತ ಜಾರಬಾರದು. ಪ್ರತಿ ಫ್ರೆಟ್ಟಿನಲ್ಲೂ ಒಂದೊಂದು ಸಲ ಮೀಟಿಸಿ, ಎಲ್ಲಾದರೂ ಝೀ ಅಂತ ಸದ್ದು ಬರುತ್ತಾ ಕೇಳಿ. ಟ್ರಸ್ ರಾಡ್ ಇದೆಯಾ, ಅದರ ಕೀ ಕೊಡುತ್ತೀರಾ ಅಂತ ಕೇಳಿ. ಮನೆಗೆ ಬಂದ ಮೇಲೆ ಅದನ್ನು ನೀವು ತಿರುಗಿಸಲು ಹೋಗಬೇಡಿ. ಯೂಟ್ಯೂಬ್ ನೋಡಿ ತಿರುಗಿಸಿ, ಒಳಗಿನ ಸರಳು ಕಟ್ ಆಗಿ ಬಂದವರು ನನಗೆ ಒಳ್ಳೆಯ ಗಿರಾಕಿಗಳೇ, ಆದರೆ ಬೇಜಾರಾಗುತ್ತದೆ. ಕೊನೆಗೆ ಗಿಟಾರನ್ನು ಮಗಳ ಕೈಗೆ ಕೊಟ್ಟು ಎಫ್ ಒತ್ತಲು ಹೇಳಿ, ನೀವು ಆ ಕಡೆ ತಿರುಗಿಕೊಳ್ಳಿ. ಅಮ್ಮ ದಿಟ್ಟಿಸಿ ನೋಡುತ್ತಿದ್ದರೆ ಯಾರಿಗೂ ಎಫ್ ಬರುವುದಿಲ್ಲ.

ಸೆಕೆಂಡ್ ಹ್ಯಾಂಡ್? ಧೈರ್ಯವಾಗಿ ತಗೊಳ್ಳಿ. ನಾನಾಗಿದ್ದರೆ ಮೊದಲು ಅಲ್ಲೇ ಹುಡುಕುತ್ತಿದ್ದೆ. ನಮ್ಮ ಊರಲ್ಲಿ ಲಾಕ್‌ಡೌನ್ ಹೊತ್ತಿಗೆ ಉತ್ಸಾಹದಿಂದ ತಗೊಂಡು ನಾಲ್ಕು ಕಾರ್ಡ್ ಕಲಿತು ಮೂಲೆಗಿಟ್ಟ ಐಟಿಯವರ ಗಿಟಾರ್‌ಗಳು ಬೇಕಾದಷ್ಟಿವೆ. ಊರು ಬಿಡುವ ಪಿಜಿ ಹುಡುಗರೂ ಮೇ ಜೂನ್‌ನಲ್ಲಿ ಮಾರುತ್ತಾರೆ. ಹೊಸದರ ಅರ್ಧ, ಮುಕ್ಕಾಲು ಬೆಲೆಗೆ ಎಫ್310 ಸಿಕ್ಕರೆ ಸೆಟಪ್ ಮಾಡಿಸಿಯೂ ದುಡ್ಡು ಉಳಿಯುತ್ತದೆ. ಅಪಾಯ ಎರಡು ಕಡೆ. ಒಂದು, ಬ್ರಿಡ್ಜಿನ ಹಿಂಬದಿ. ಅಲ್ಲಿ ತೆಳು ಕಾಗದ ತೂರಿಸಿ ನೋಡಿ, ಒಳಗೆ ಹೋದರೆ ಬ್ರಿಡ್ಜ್ ಏಳುತ್ತಿದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟ ಗಿಟಾರಿನ ಅಂಟು ಮೆತ್ತಗಾಗಿ ಹೀಗೆ ಆಗುತ್ತದೆ. ಎರಡು, ತಲೆ ಮತ್ತು ನೆಕ್ ಸೇರುವ ಜಾಗ. ಸ್ಕೂಟರ್ ಹಿಂದೆ ಕೂತು ಬೆನ್ನಿಗೆ ಹಾಕಿಕೊಂಡು ಹೋಗುವಾಗ ಬಾಗಿಲು, ಶಟರ್ ಬಡಿಯುವುದು ಅಲ್ಲಿಗೇ. ಅಲ್ಲಿ ಕೂದಲಷ್ಟು ಬಿರುಕು ಕಂಡರೂ ಬೇಡ. ಮೈ ಮೇಲಿನ ಗೀರು, ಸವೆದ ಪಾಲಿಶ್ಶು ಲೆಕ್ಕಕ್ಕಿಲ್ಲ. ಅದರಿಂದ ಬೆಲೆ ಇಳಿದರೆ ನಿಮಗೇ ಲಾಭ.

ಯಜಮಾನರ ‘ಅಟ್ಟ ಸೇರುತ್ತೆ’ ಅನ್ನೋ ಮಾತಿಗೂ ಉತ್ತರ ಇಲ್ಲೇ ಇದೆ. ಹೆಸರಿರುವ ಕಂಪನಿಯ ಗಿಟಾರ್ ಎರಡು ವರ್ಷ ಆದ ಮೇಲೂ ಅರ್ಧ ಬೆಲೆಗಾದರೂ ಹೋಗುತ್ತದೆ. 2,400ರದ್ದಕ್ಕೆ ಗಿರಾಕಿಯೇ ಬರುವುದಿಲ್ಲ. ಅವಳು ಬಿಟ್ಟರೆ ನಿಮಗೆ ಆಗುವ ನಷ್ಟ ನಾಲ್ಕೈದು ಸಾವಿರ. ಬಿಡುವುದೇ ಇಲ್ಲ ಅಂತ ನಾನು ಭರವಸೆ ಕೊಡಲಾರೆ. ಹತ್ತನೇ ಕ್ಲಾಸ್ ಬಂದಾಗ ಎಷ್ಟೋ ಮಕ್ಕಳು ನಿಲ್ಲಿಸುತ್ತಾರೆ, ಅದಕ್ಕೆ ಗಿಟಾರ್ ಕಾರಣ ಅಲ್ಲ.

ತಂದ ಮೇಲೆ ನೋಡಿಕೊಳ್ಳುವುದು ದೊಡ್ಡ ಕೆಲಸ ಏನಲ್ಲ. ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ತಂತಿ ಒರೆಸಲಿ. ಮಳೆಗಾಲದಲ್ಲಿ ಹೊರಗೋಡೆಗೆ ಒರಗಿಸಿ ಇಡಬೇಡಿ, ನಮ್ಮ ಮನೆಗಳ ಆ ಗೋಡೆ ಜುಲೈಯಲ್ಲಿ ಬೆವರುತ್ತದೆ. ಬೇಸಿಗೆಯಲ್ಲಿ ಬ್ಯಾಗಿನೊಳಗೇ ಇರಲಿ. ಮೂರ್ನಾಲ್ಕು ತಿಂಗಳಿಗೊಮ್ಮೆ ತಂತಿ ಬದಲಿಸಿ, ತುಕ್ಕು ಹಿಡಿದ ತಂತಿ ಬೆರಳನ್ನು ಉಜ್ಜುವುದು ಅರದ ಹಾಗೆ.

ಹೊಸದು ತರುವ ಮೊದಲು ಒಂದು ಕೆಲಸ ಮಾಡಿ ನೋಡಿ. ಇರುವ ಗಿಟಾರಿಗೇ ಇವತ್ತು ರಾತ್ರಿ ಎಟಿಎಂ ಕಾರ್ಡಿನ ಪರೀಕ್ಷೆ ಮಾಡಿ. ಸ್ಯಾಡಲ್ಲಿನಲ್ಲಿ ಜಾಗ ಇದ್ದರೆ ನಿಮ್ಮ ಹತ್ತಿರದ ಯಾರಾದರೂ ರಿಪೇರಿಯವರು ಮುನ್ನೂರು ನಾನೂರು ರೂಪಾಯಿಗೆ ಇಳಿಸಿಕೊಡುತ್ತಾರೆ. ಅಲ್ಲಿಯವರೆಗೆ ತಂತಿಗಳನ್ನು ಅರ್ಧ ಸ್ವರ ಕೆಳಗೆ ಶ್ರುತಿ ಮಾಡಿ, ಮೊದಲ ಫ್ರೆಟ್ಟಿಗೆ ಕ್ಯಾಪೋ ಹಾಕಿ ನುಡಿಸಲಿ. ಸ್ವರ ಅದೇ ಇರುತ್ತದೆ, ಎಳೆತವೂ ಎತ್ತರವೂ ಇಳಿಯುತ್ತದೆ. ಹೊಸದನ್ನು ಹುಡುಕುವ ಒಂದು ತಿಂಗಳು ಅವಳ ಬೆರಳಿಗೆ ಬಿಡುವು ಸಿಗುತ್ತದೆ.

ಇಳಿಸಲು ಆಗುವುದೇ ಇಲ್ಲ ಅಂದರೆ ಅದನ್ನು ಬೇರೆ ಮಗುವಿಗೆ ಮಾತ್ರ ದಾನ ಮಾಡಬೇಡಿ. ತಂತಿ ಎತ್ತರ ಇರುವುದು ಒಂದು ಕಡೆ ಉಪಯೋಗಕ್ಕೆ ಬರುತ್ತದೆ. ಪಂಡಿತ್ ವಿಶ್ವಮೋಹನ ಭಟ್ಟರು ತಮ್ಮ ಮೋಹನವೀಣೆಯನ್ನು ತೊಡೆಯ ಮೇಲೆ ಅಡ್ಡ ಮಲಗಿಸಿ, ಉಕ್ಕಿನ ಸರಳು ಜಾರಿಸಿ ನುಡಿಸುತ್ತಾರಲ್ಲ, ಆ ಥರ ನುಡಿಸಲು ತಂತಿ ಫ್ರೆಟ್ಟಿಗೆ ತಾಗಬಾರದು, ಎತ್ತರವೇ ಬೇಕು. ಮಗಳಿಗೆ ಒಂದು ದಪ್ಪ ಗಾಜಿನ ಸಣ್ಣ ಬಾಟಲಿ ಕೊಟ್ಟು, ಗಿಟಾರನ್ನು ಮಡಿಲಲ್ಲಿ ಅಂಗಾತ ಮಲಗಿಸಿಕೊಂಡು, ತಂತಿಯ ಮೇಲೆ ಜಾರಿಸಲು ಹೇಳಿ. ಒತ್ತುವುದೇ ಬೇಡ.